ಮಗಳ ಮನೆಯ ಕರೆಂಟು

ನನ್ನ ಗಂಡನಿಗೆ ಎಲೆಅಡಿಕೆಯ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ. ಇರುವುದು ಒಂದೇ, ಹರಾಜಿನ ಚಟ. ಸುತ್ತಮುತ್ತ ಎಲ್ಲಿಯಾದರೂ ಹರಾಜು ಕೂಗುತ್ತಾರೆ ಎಂದು ಕಿವಿಗೆ ಬಿದ್ದರೆ ಸಾಕು, ಹತ್ತಿ ಜಿನ್ನಿಂಗ್ ಮಿಲ್ಲಿನ ಆಫೀಸಿಗೆ ರಜೆ ಚೀಟಿ ಕಳಿಸಿ ಅಲ್ಲಿ ಹೋಗಿ ಮುಂದಿನ ಸಾಲಿನಲ್ಲಿ ನಿಂತಿರುತ್ತಾರೆ. ನಮ್ಮ ಪಡಸಾಲೆಯಲ್ಲಿ ಹಲ್ಲಿನ ಡಾಕ್ಟರರ ಕುರ್ಚಿಯೊಂದಿದೆ, ಹಾಗೆ ಬಂದದ್ದು. ಅದರಲ್ಲಿ ಕೂತ ನೆಂಟರು ಹಿಂದಕ್ಕೆ ವಾಲಿಕೊಂಡು ತಮಗೆ ತಿಳಿಯದೆಯೇ ಬಾಯಿ ತೆರೆಯುತ್ತಾರೆ. ಕಾಫಿ ಲೋಟ ಹಿಡಿದು ನಿಂತ ನನಗೆ ಅದನ್ನು ಕೈಗೆ ಕೊಡಬೇಕೋ ಬಾಯಿಗೆ ಸುರಿಯಬೇಕೋ ತೋಚುವುದಿಲ್ಲ. ಅದನ್ನೂ ಸಹಿಸಿಕೊಂಡಿದ್ದೆ.

ವ್ಯಾನು ಬಂದ ದಿನ ಮಾತ್ರ ಸಹಿಸಲಿಲ್ಲ. ಜಿಲ್ಲೆಯಲ್ಲಿ ನೆಲದಡಿಯ ನೀರು ಹುಡುಕಲು ಬಂದಿದ್ದ ಪರದೇಶದವರು ಊರು ಬಿಡುವಾಗ, ತಾವು ವಾಸವಾಗಿದ್ದ ವ್ಯಾನನ್ನು ಹರಾಜಿಗೆ ಬಿಟ್ಟಿದ್ದರಂತೆ. ಇವರು ಅದನ್ನು ಕೊಂಡು, ಮಿಲ್ಲಿನ ಎಲೆಕ್ಟ್ರಿಷಿಯನ್ ಯರ್ರೆಪ್ಪನ ಕೈಲಿ ಓಡಿಸಿಕೊಂಡು ಬಂದು ಆದೋನಿಯ ನಮ್ಮ ಓಣಿಯಲ್ಲಿ ನಿಲ್ಲಿಸಿದರು. ಓಣಿಯೇ ತುಂಬಿಹೋಯಿತು. ಮೊಸರು ಮಾರುವವಳು ಅಡ್ಡಡ್ಡ ತಿರುಗಿ ಬರಬೇಕಾಯಿತು. ಒಳಗೆ ಎರಡು ಮಂಚ, ಕೈ ತೊಳೆಯುವ ಬೋಗುಣಿ, ಮಡಿಚಿಡುವ ಮೇಜು. ನೆತ್ತಿಯ ಮೇಲೆ ಒಂದು ಏಸಿ, ಹೊಟ್ಟೆಯ ಕೆಳಗೆ ಆ ಏಸಿಗೆ ಕರೆಂಟು ಕೊಡುವ ಪುಟ್ಟ ಜನರೇಟರು. ಆ ಪರದೇಶದವರಿಗೆ ನೀರು ಸಿಕ್ಕಿತೋ ಇಲ್ಲವೋ, ತಂಪಂತೂ ಸಿಕ್ಕಿತ್ತು. ಇದನ್ನು ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳಿದೆ. ಇದು ಗಾಡಿಯಲ್ಲ ಮನೆ, ಎಲ್ಲಿ ಬೇಕೋ ಅಲ್ಲಿಗೆ ಹೋಗಿ ನಿಲ್ಲುವ ಮನೆ ಎಂದರು. ನಿಂತಲ್ಲೇ ನಿಂತಿರುವ ಮನೆಯ ಸೂರು ಸೋರುತ್ತಿದ್ದದ್ದು ಅವರಿಗೆ ಕಾಣಲಿಲ್ಲ. ಸಿಟ್ಟಿಗೆ ನಾನು ಮಾತು ಬಿಟ್ಟೆ. ಅದೂ ಅವರಿಗೆ ಗೊತ್ತಾಗಲಿಲ್ಲ, ಜನರೇಟರು ಹಾಕಿಕೊಂಡು ಆ ಗದ್ದಲದಲ್ಲಿ ವ್ಯಾನಿನೊಳಗೇ ಕೂತಿದ್ದರು.

ಈ ವ್ಯಾನಿನಿಂದ ಮುಂದೆ ನಡೆದದ್ದನ್ನು ಹೇಳಬೇಕಾದರೆ ಮೊದಲು ನಮ್ಮ ಅತ್ತೆ ತುಂಗಾಬಾಯಿಯವರ ಬಗ್ಗೆ ಹೇಳಬೇಕು. ಸೊಸೆಯಾದವಳು ಅತ್ತೆಯ ಮಡಿಯ ಬಗ್ಗೆ ಏನು ಹೇಳಿದರೂ ಚಾಡಿಯಾಗುತ್ತದೆ, ಆದ್ದರಿಂದ ಚಿಕ್ಕದಾಗಿ ಮುಗಿಸುತ್ತೇನೆ. ಅವರು ಮಡಿ ಉಟ್ಟು ಅಡುಗೆಮನೆಯಿಂದ ಹೊರಗೆ ಬಂದರೆ ನಮ್ಮ ಮನೆಯ ಬೆಕ್ಕೂ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತದೆ. ನಮ್ಮ ಬಾವಿಯ ನೀರು ಬಿಟ್ಟು ಬೇರೆ ಕುಡಿಯುವುದಿಲ್ಲ. ತಾವು ಬೇಯಿಸಿದ್ದು, ಇಲ್ಲವೇ ಒದ್ದೆ ಸೀರೆಯಲ್ಲಿ ನಾನು ಬೇಯಿಸಿದ್ದು ಬಿಟ್ಟು ಬೇರೆ ಉಣ್ಣುವುದಿಲ್ಲ. ಇದೆಲ್ಲಕ್ಕಿಂತ ಗಟ್ಟಿಯಾದ ನೇಮ ಇನ್ನೊಂದಿತ್ತು. ಮಗಳನ್ನು ಧಾರೆ ಎರೆದು ಕೊಟ್ಟ ಮೇಲೆ, ಆ ಮನೆಯಲ್ಲಿ ಮೊಮ್ಮಗು ಹುಟ್ಟುವವರೆಗೆ ಹೆತ್ತವರು ಅಲ್ಲಿ ಅನ್ನ ಉಣ್ಣಬಾರದು, ನೀರೂ ಕುಡಿಯಬಾರದು. ನಮ್ಮಲ್ಲಿ ಹಳಬರೆಲ್ಲ ಅದನ್ನು ಪಾಲಿಸುತ್ತಿದ್ದರು. ಬಹಳ ಜನರಿಗೆ ಅದು ವರ್ಷ ಎರಡು ವರ್ಷದ ಮಾತು.

ನನ್ನ ನಾದಿನಿ ಕಾವೇರಿಗೆ ಮಕ್ಕಳಾಗಲಿಲ್ಲ. ಮದ್ದಿಕೇರಕ್ಕೆ ಕೊಟ್ಟ ಆ ಹುಡುಗಿಯ ಬೈತಲೆಯಲ್ಲಿ ಈಗ ಬಿಳಿ ಕೂದಲು ಕಾಣುತ್ತಿದ್ದವು. ಅತ್ತೆಯವರು ಆ ಮನೆಗೆ ಹೋಗುತ್ತಿದ್ದದ್ದೇ ಕಡಿಮೆ. ಹೋದರೂ ಒಂದು ಗಳಿಗೆ ಕೂತು, ಒಣಗಿದ ಬಾಯಲ್ಲೇ ಎದ್ದು ಬರುತ್ತಿದ್ದರು. ಅದರ ಬಗ್ಗೆ ಯಾರೂ ಕಾವೇರಿಗೆ ಏನೂ ಅನ್ನುತ್ತಿರಲಿಲ್ಲ. ಅನ್ನುವ ಅಗತ್ಯವೂ ಇರಲಿಲ್ಲ. ತಾಯಿ ಉಣ್ಣದೆ ಎದ್ದು ಹೋದಾಗಲೆಲ್ಲ, ನಿನಗೆ ಮಕ್ಕಳಿಲ್ಲ ಎಂದು ಹೇಳಿ ಹೋದಂತೆಯೇ ಆಗುತ್ತಿತ್ತು. ಆದೋನಿಗೆ ಬಂದಾಗ ಕಾವೇರಿ ನಗುನಗುತ್ತಲೇ ಇರುತ್ತಿದ್ದಳು. ಹೊರಡುವ ದಿನ ಮಾತ್ರ ಅಡುಗೆಮನೆಯಲ್ಲಿ ನನ್ನ ಪಕ್ಕ ಬಂದು ನಿಲ್ಲುತ್ತಿದ್ದಳು.

"ವೈನಿ, ಅಮ್ಮ ನನ್ನ ಮನ್ಯಾಗ ಒಂದು ಸಲ ಉಂಡಿದ್ದು ನೋಡಬೇಕು. ಮತ್ತೇನೂ ಬ್ಯಾಡ ನನಗ."

ನಾನು ಬಾಯಿ ಜೋರಿನವಳು ಎಂದು ಇಡೀ ಓಣಿಗೆ ಗೊತ್ತು. ಆ ಮಾತಿಗೆ ಮಾತ್ರ ಅವಳ ಬುತ್ತಿಗೆ ಇನ್ನೊಂದು ಸೌಟು ಮೊಸರನ್ನ ತುಂಬುತ್ತಿದ್ದೆ, ಅಷ್ಟೇ.

ವ್ಯಾನು ಬಂದ ವರ್ಷವೇ ಅಧಿಕ ಜ್ಯೇಷ್ಠ ಬಂತು. ಅಧಿಕ ಮಾಸದಲ್ಲಿ ಅತ್ತೆಯಾದವಳು ಅಳಿಯನಿಗೆ ಅಕ್ಕಿಹಿಟ್ಟು ಬೆಲ್ಲದ ಅನಾರಸ ತುಂಬಿದ ಕಂಚಿನ ತಟ್ಟೆಯನ್ನು ದೀಪದ ಸಮೇತ ದಾನ ಕೊಡಬೇಕು. ಹಿಂದೆಲ್ಲ ಅಳಿಯ ವಿಠ್ಠಲನೇ ಆದೋನಿಗೆ ಬಂದು ಅದನ್ನು ತೆಗೆದುಕೊಂಡು ಹೋಗುತ್ತಿದ್ದ. ಈ ಸಲ, ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಆ ಪುಣ್ಯಾತ್ಮ, ಗೋಡೆಗೆ ಪ್ರಪಂಚದ ನಕಾಶೆ ತೂಗುಹಾಕಲು ಸ್ಟೂಲು ಹತ್ತಿ, ಪ್ರಪಂಚದ ಸಮೇತ ಕೆಳಗೆ ಬಿದ್ದು ಕಾಲು ಮುರಿದುಕೊಂಡಿದ್ದ. ಅಳಿಯ ಬರುವಂತಿಲ್ಲ, ದಾನ ಬಿಡುವಂತಿಲ್ಲ. ಅತ್ತೆಯವರೇ ಮದ್ದಿಕೇರಕ್ಕೆ ಹೋಗಬೇಕಾಯಿತು.

ನನ್ನ ಗಂಡ ಕಾಯುತ್ತಿದ್ದದ್ದು ಇದಕ್ಕೇ. ವ್ಯಾನನ್ನು ಕಾವೇರಿಯ ಮನೆಯ ಮುಂದೆ ನಿಲ್ಲಿಸೋಣ ಎಂದರು. ಅಮ್ಮ ಅದರಲ್ಲೇ ಇರಲಿ, ಅದರಲ್ಲೇ ಬೇಯಿಸಿಕೊಂಡು ಉಣ್ಣಲಿ. ವ್ಯಾನು ಮಗನದು, ಅಂದಮೇಲೆ ಅಮ್ಮ ಇರುವುದು ಮಗನ ಮನೆಯಲ್ಲಿ. ಬೇಕಾದಷ್ಟು ದಿನ ಮಗಳ ಬಾಗಿಲಲ್ಲಿ ಇರಬಹುದು, ನೇಮವೂ ಉಳಿಯುತ್ತದೆ. ಮದುವೆಯಾದ ಇಷ್ಟು ವರ್ಷದಲ್ಲಿ ಇವರ ಬಾಯಿಂದ ಇಂಥ ಬುದ್ಧಿಯ ಮಾತು ಬಂದದ್ದು ನಾನು ಕೇಳಿರಲಿಲ್ಲ. ಅತ್ತೆಯವರು ವ್ಯಾನನ್ನು ಮೂರು ಸುತ್ತು ಹಾಕಿ ನೋಡಿದರು, ಚಕ್ರಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು.

"ಚಕ್ರ ಇದ್ರೇನಾತು," ಎಂದರು. "ಮಗನ ಮನಿ ಮಗನ ಮನೀನ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿಂದಿನ ಬೇಸಿಗೆಯಲ್ಲಿ ಅತ್ತೆಯವರು ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದರು, ಬೇಸಿಗೆಯಲ್ಲಿ ತಂಪಿನಲ್ಲಿ ಇಡಿ ಎಂದು ಡಾಕ್ಟರರು ಗದರಿಸಿ ಕಳಿಸಿದ್ದರು. ವ್ಯಾನಿನ ನೆತ್ತಿಯ ಮೇಲೆ ಏಸಿ ಇದೆಯಲ್ಲ ಎಂದು ಇವರು. ಆ ಗಾಳಿ ನಿಮ್ಮೆಲ್ಲರ ಮೈ ಮೇಲೆ ಆಡಿ ನನ್ನ ಮಡಿಗೆ ಬರುತ್ತದಲ್ಲ ಎಂದು ಅತ್ತೆಯವರು. ಯರ್ರೆಪ್ಪ ಬೀಡಿ ಸೇದಿ ಬಂದ ಗಾಳಿ, ಚಪ್ಪಲಿ ಹಾಕಿಕೊಂಡು ಕೂತವರನ್ನು ಮುಟ್ಟಿದ ಗಾಳಿ. ಹೊರಗಿನ ಗಾಳಿಗೆ ದೋಷವಿಲ್ಲ, ಅದು ದೇವರು ಬೀಸಿದ್ದು. ಡಬ್ಬಿಯೊಳಗೆ ಮುಚ್ಚಿಟ್ಟು ತಿರುತಿರುಗಿಸಿದ ಗಾಳಿಗೆ ದೋಷವಿದೆ. ಕೊನೆಗೆ ವ್ಯಾನಿನ ನಡುವೆ ಹಲಗೆಯ ಗೋಡೆ ಬಂತು. ಹಿಂದಿನ ಅರ್ಧ ಅತ್ತೆಯವರ ಮಡಿ ಮನೆ, ಮುಂದಿನ ಅರ್ಧ ನಮ್ಮಂಥ ಪಾಪಿಗಳದು. ಮಡಿ ಮನೆಗೆ ಬೇರೆ ಏಸಿ ಬೇಕು ಎಂದಾಯಿತು.

ಇವರಿಗೆ ಇನ್ನೇನು ಬೇಕು, ಹರಾಜಿಗೆ ಓಡಿದರು. ಯಾವುದೋ ಆಫೀಸಿನ ಕಿಟಕಿಯಿಂದ ಕಿತ್ತ ಹಳೆಯ ಏಸಿ ತಂದು ವ್ಯಾನಿನ ಹಿಂದಿನ ಕಿಟಕಿಗೆ ಕೂರಿಸಿದರು. ಅದರ ಅರ್ಧ ಮೈ ಹೊರಗೇ ಉಳಿಯಿತು. ಯರ್ರೆಪ್ಪ ಅದನ್ನು ಜನರೇಟರಿಗೆ ಸೇರಿಸಿ ಗುಂಡಿ ಒತ್ತಿದ. ಜನರೇಟರು ಎರಡು ಸಲ ಕೆಮ್ಮಿ ನಿಂತುಹೋಯಿತು. ಮೇಲಿನ ಏಸಿ ಆರಿಸಿ ಒತ್ತಿದರೂ ಅಷ್ಟೇ.

"ಮುದಿ ಮಿಷನ್ ಐತಿ ಸಾಮಿ, ಶುರು ಆಗೋವಾಗ ಒಮ್ಮೆಲೇ ಎಳೀತೈತಿ," ಎಂದ ಯರ್ರೆಪ್ಪ. "ಈ ಸಣ್ಣ ಜನರೇಟರ್ ಕೈಲಿ ಆಗಂಗಿಲ್ಲ. ಇದಕ್ಕ ಮನಿ ಕರೆಂಟೇ ಬೇಕು."

ಮದ್ದಿಕೇರದಲ್ಲಿ ವ್ಯಾನು ನಿಲ್ಲುವುದು ಕಾವೇರಿಯ ಮನೆಯ ಮುಂದೆ. ಕಾವೇರಿಯ ಮನೆಯಲ್ಲಿ ಕರೆಂಟು ಇದೆ. ಒಂದು ವೈರು ಎಳೆದರೆ ಆಯಿತು ಎಂದು ನಾನೂ ಅಂದುಕೊಂಡೆ. ಅತ್ತೆಯವರು ಜಪದ ಮಣಿ ಎಣಿಸುತ್ತಿದ್ದವರು ಅಲ್ಲೇ ನಿಲ್ಲಿಸಿದರು.

"ಮಗಳ ಮನಿ ನೀರು ಕುಡಿಯಂಗಿಲ್ಲ, ಕರೆಂಟು ಹ್ಯಾಂಗ ತಗೊಳ್ಳಲಿ? ಆಕಿ ಮನೀದು ತಗೊಂಡ ಮ್ಯಾಲ ಏನು ತಗೊಂಡ್ರೂ ಒಂದೇ. ಆಕಿ ಮನಿ ಕರೆಂಟು ತಗೊಂಡ್ರ ಆಕಿ ಮನ್ಯಾಗ ಉಂಡಂಗ."

ಇವರು ತಲೆ ಕೆರೆದುಕೊಂಡು ಮಂತ್ರಾಲಯಕ್ಕೆ ಹೋದರು. ಅಲ್ಲಿ ನಮ್ಮ ದೂರದ ಸಂಬಂಧಿ ಸೇತುಮಾಧವಾಚಾರ್ಯರಿದ್ದಾರೆ, ಧರ್ಮಶಾಸ್ತ್ರದಲ್ಲಿ ದೊಡ್ಡ ಕೈ. ಆಚಾರ್ಯರು ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಕೇಳಿ, ಕರೆಂಟು ಪಕ್ವವೋ ಅಪಕ್ವವೋ, ಅಂದರೆ ಬೇಯಿಸಿದ್ದೋ ಹಸಿಯದೋ ಎಂದು ಕೇಳಿದರಂತೆ. ತುಂಗಭದ್ರಾ ಡ್ಯಾಮಿನಲ್ಲಿ ನೀರು ಬಿದ್ದು ಹುಟ್ಟಿದ ಕರೆಂಟಾದರೆ ಹಸಿಯದು, ಅಕ್ಕಿ ಬೇಳೆಯ ಲೆಕ್ಕ. ಕಲ್ಲಿದ್ದಲು ಉರಿಸಿ ನೀರು ಕುದಿಸಿ ತೆಗೆದದ್ದಾದರೆ ಬೇಯಿಸಿದ್ದು, ಅನ್ನದ ಲೆಕ್ಕ. ಮದ್ದಿಕೇರದ ತಂತಿಯಲ್ಲಿ ಯಾವುದು ಬರುತ್ತದೆ ಎಂದು ಕರೆಂಟಿನ ಆಫೀಸಿನಲ್ಲಿ ವಿಚಾರಿಸಿ ಬಾ ಎಂದು ಕಳಿಸಿದರು. ಇವರು ನಿಜವಾಗಿಯೂ ಹೋಗಿ ವಿಚಾರಿಸಿದರು. ಎರಡೂ ಬೆರೆತು ಬರುತ್ತದೆ ಸ್ವಾಮಿ, ಬಂದರೆ ಸಾಕು ಎಂದು ನಾವು ಕಾಯುತ್ತಿರುತ್ತೇವೆ ಎಂದು ಅಲ್ಲಿನ ಗುಮಾಸ್ತ ಕೈಮುಗಿದನಂತೆ. ಅಕ್ಕಿ ಅನ್ನ ಬೆರೆತರೆ ಏನೆಂದು ಕರೆಯಬೇಕೋ ಆಚಾರ್ಯರಿಗೂ ಹೊಳೆಯಲಿಲ್ಲ. ಅಷ್ಟು ಓಡಾಡಿದ್ದೇ ದಂಡ. ಹಸಿಯದೋ ಬೆಂದದ್ದೋ, ಮಗಳದು ಬೇಡ ಎಂದು ಅತ್ತೆಯವರು ಒಂದೇ ಮಾತಿನಲ್ಲಿ ಮುಗಿಸಿದರು.

ಗುಡಿಯ ಕರೆಂಟು ದೇವರ ಸ್ವತ್ತು, ಅದು ಬೇಡ. ಬೀದಿ ದೀಪದ ಕಂಬಕ್ಕೆ ಕೊಕ್ಕೆ ಹಾಕುವುದು ಕಳ್ಳತನ, ಅದೂ ಬೇಡ. ಕೊನೆಗೆ ಉಳಿದದ್ದು ಕಾವೇರಿಯ ಪಕ್ಕದ ಉಚ್ಚಮ್ಮನ ಹಿಟ್ಟಿನ ಗಿರಣಿ. ದುಡ್ಡು ಕೊಟ್ಟು ಕೊಂಡದ್ದು ಯಾರದಾದರೂ ಸರಿ ಎಂದು ಅತ್ತೆಯವರು ಒಪ್ಪಿದರು. ಇವರು ಮದ್ದಿಕೇರಕ್ಕೆ ಹೋಗಿ ನಡೆದದ್ದನ್ನೆಲ್ಲ ತಂಗಿಗೆ ಹೇಳಿದರು. ಈ ಗಂಡಸರಿಗೆ ಯಾವುದನ್ನು ಹೇಳಬೇಕು ಯಾವುದನ್ನು ನುಂಗಬೇಕು ಗೊತ್ತಾಗುವುದಿಲ್ಲ. ಅಮ್ಮ ಹೀಗೆ ಅಂದಳು, ನಿನ್ನ ಕರೆಂಟು ತಗೊಂಡರೆ ನಿನ್ನ ಮನೆಯಲ್ಲಿ ಉಂಡಂತೆ ಅಂದಳು ಎಂದು ನಗುತ್ತ ಹೇಳಿ ಬಂದರಂತೆ. ಕಾವೇರಿ ಬಹಳ ಖುಷಿಯಾಗಿದ್ದಾಳೆ, ಉಚ್ಚಮ್ಮನ ಹತ್ತಿರ ತಾನೇ ಮಾತಾಡಿ ಎಲ್ಲ ಏರ್ಪಾಡು ಮಾಡುತ್ತಾಳಂತೆ ಎಂದರು. ಅವಳ ಖುಷಿ ಹೇಗಿರುತ್ತದೆಂದು ನನಗೆ ಗೊತ್ತಿತ್ತು.

ಹೊರಡುವ ದಿನ ನಾನು ಒದ್ದೆ ಸೀರೆಯಲ್ಲಿ ಬಾವಿಯಿಂದ ನೀರು ಸೇದಿ ಸೇದಿ ವ್ಯಾನಿನೊಳಗೆ ಹಿತ್ತಾಳೆಯ ಕೊಡಗಳಲ್ಲಿ ತುಂಬಿದೆ. ಬೇಳೆ, ಅಕ್ಕಿ, ಇದ್ದಿಲು, ಶೆಗಡಿ, ಸಾಲಿಗ್ರಾಮದ ಪೆಟ್ಟಿಗೆ, ಎಲ್ಲ ಏರಿದವು. ಬಸ್ಸಿನಲ್ಲಿ ಹೋದರೆ ಬೆಳಗಿನ ತಿಂಡಿ ತಿಂದು ಹೊರಟವರು ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು. ನಾವು ಕಾಶಿಗೆ ಹೊರಟವರಂತೆ ಹೊರಟೆವು. ಆಸ್ಪರಿಯಲ್ಲಿ ಎಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದಾಗ, ಚಹಾದಂಗಡಿಯಲ್ಲಿ ಕೂತಿದ್ದ ಗಂಡಸರೆಲ್ಲ ಕಪ್ಪು ಬಿಟ್ಟು ಎದ್ದು ಬಣವೆಗಳ ಹಿಂದೆ ಮಾಯವಾದರು. ಬಿಳಿ ವ್ಯಾನು ಕಂಡು, ಮಕ್ಕಳಾಗದ ಆಪರೇಶನ್ ಮಾಡಲು ಗಂಡಸರನ್ನು ಹಿಡಿದುಕೊಂಡು ಹೋಗುವ ಸರ್ಕಾರದ ಗಾಡಿ ಮತ್ತೆ ಬಂತು ಎಂದುಕೊಂಡರಂತೆ. ಒಬ್ಬ ಮುದುಕ ಮಾತ್ರ ಕೂತೇ ಇದ್ದ. ನನಗೆ ಮೊದಲೇ ಆಗೈತಿ ಎಂದು ಯರ್ರೆಪ್ಪನಿಗೆ ಧೈರ್ಯವಾಗಿ ಹೇಳಿದ.

ಮದ್ದಿಕೇರದಲ್ಲಿ ಕಾವೇರಿ ಬಾಗಿಲಿಗೆ ತೋರಣ ಕಟ್ಟಿದ್ದಳು, ವ್ಯಾನು ನಿಲ್ಲುವ ಜಾಗಕ್ಕೂ ರಂಗೋಲಿ ಹಾಕಿದ್ದಳು. ಯರ್ರೆಪ್ಪ ಹಿಂದಿನ ಏಸಿಯಿಂದ ವೈರು ಎಳೆದು ಗಿರಣಿಯ ಗೋಡೆಯ ತೂತಿನಲ್ಲಿ ತೂರಿಸಿ ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ಆಮೇಲೆ ಏಸಿ ಗಡಗಡ ಎಂದು ನಡುಗಿ ಶುರುವಾಯಿತು. ಉಚ್ಚಮ್ಮ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಾಡಿಗೆಯ ಮಾತು ಎತ್ತಿದರೆ, ಹೋಗೋವಾಗ ನೋಡೋಣ ತಗೋರಿ ಎಂದು ಒಳಗೆ ಹೋದಳು.

ಆ ದಿನಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ಸೀನು ಬರುತ್ತದೆ. ಒದ್ದೆ ಸೀರೆ ಉಟ್ಟು ಏಸಿಯ ಮುಂದೆ ಕೂತು ಇದ್ದಿಲ ಶೆಗಡಿಯ ಮೇಲೆ ಅಡುಗೆ ಮಾಡುವುದನ್ನು ಯಾವ ಶಾಸ್ತ್ರದಲ್ಲಿ ಬರೆದಿದ್ದಾರೋ ಆಚಾರ್ಯರನ್ನು ಕೇಳಬೇಕು. ಮುಂದಿನಿಂದ ಶೆಗಡಿ ಸುಡುತ್ತಿತ್ತು, ಬೆನ್ನಿಗೆ ಏಸಿ ಕೊರೆಯುತ್ತಿತ್ತು. ಹಲಗೆಯ ಆಚೆ ಇವರು ತಮ್ಮ ಏಸಿಯ ಕೆಳಗೆ ಜನರೇಟರಿನ ಗದ್ದಲಕ್ಕೆ ಸರಿಯಾಗಿ ಗೊರಕೆ ಹೊಡೆಯುತ್ತಿದ್ದರು. ಮೂರನೆಯ ಮನೆಯ ಗಿಡ್ಡಮ್ಮ ಬಂದು, ನಿಮ್ಮ ಮಿಷನ್ನಿನಿಂದ ನಮ್ಮ ಎಮ್ಮೆ ಹಾಲು ಏರಿಸಿಕೊಂಡಿದೆ ಎಂದು ಜಗಳ ತೆಗೆದು ಹೋದಳು.

ನಮ್ಮ ಮೂವರಿಗೂ ಕಾವೇರಿಯ ಮನೆಯಲ್ಲೇ ಊಟ. ಅಣ್ಣ ಅತ್ತಿಗೆ ಉಣ್ಣಲು ಅಡ್ಡಿಯಿಲ್ಲ, ಯರ್ರೆಪ್ಪನಂತೂ ಆ ನೇಮ ಮಾಡಿದವರಿಗೆ ಕೈಮುಗಿದು ಉಣ್ಣುತ್ತಿದ್ದ. ಕಾವೇರಿ ದಿನಾಲೂ ಹಬ್ಬದ ಅಡುಗೆ ಮಾಡುತ್ತಿದ್ದಳು, ಎಲ್ಲವೂ ಅವಳ ತಾಯಿಗೆ ಸೇರುವಂಥದು. ಯರ್ರೆಪ್ಪನಿಗೆ ಮಾತ್ರ ಎರಡೆರಡು ಸಲ ಹೋಳಿಗೆ ಬಡಿಸುತ್ತಿದ್ದಳು. ಎಲ್ಲ ಕೆಲಸ ಮುಗಿದ ಮೇಲೆ ವ್ಯಾನಿನ ಪಕ್ಕದ ಕಿಟಕಿಯ ಕೆಳಗೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಒಳಗೆ ತಾಯಿ, ಹೊರಗೆ ಮಗಳು, ನಡುವೆ ಗಾಜು. ಮಾತು ಕೇಳಿಸಬೇಕೆಂದು ಇಬ್ಬರೂ ಕೂಗಿ ಮಾತಾಡುತ್ತಿದ್ದರು. ಆ ಮನೆಯ ಗುಟ್ಟುಗಳೆಲ್ಲ ಇಡೀ ಮದ್ದಿಕೇರಕ್ಕೆ ಗೊತ್ತಾದವು.

ಎರಡು ವಿಷಯ ನನಗೆ ಅರ್ಥವಾಗಲಿಲ್ಲ. ಒಂದು, ಕಾವೇರಿಯ ಹಿತ್ತಲ ಬಾವಿಗೆ ಮೋಟರು ಇದ್ದರೂ ಅವಳು ಹಗ್ಗ ಹಿಡಿದು ಕೈಯಲ್ಲೇ ನೀರು ಸೇದುತ್ತಿದ್ದಳು. ಕೇಳಿದರೆ, ಕೆಟ್ಟಿದೆ ವೈನಿ ಎಂದು ಮುಖ ತಿರುಗಿಸುತ್ತಿದ್ದಳು. ಇನ್ನೊಂದು, ಅತ್ತೆಯವರು. ಒಣ ಸೆಕೆಯ ಊರಿನಲ್ಲಿ ಹುಟ್ಟಿ ಬೆಳೆದ ಜೀವ, ಆ ಥಂಡಿ ಅವರಿಗೆ ಆಗಲಿಲ್ಲ. ಧಾಬಳಿ ಹೊದ್ದರು, ಅದರ ಮೇಲೆ ಇನ್ನೊಂದು ಧಾಬಳಿ ಹೊದ್ದರು. ಮೂಗು ಕೆಂಪಾಯಿತು, ಜಪದ ಮಣಿ ಬೆರಳಲ್ಲಿ ನಿಲ್ಲಲಿಲ್ಲ. ಏಸಿ ಕಡಿಮೆ ಮಾಡುತ್ತೇನೆ ಎಂದರೆ ಬೇಡ, ಆರಿಸುತ್ತೇನೆ ಎಂದರೆ ಮುಟ್ಟಬೇಡ. ಮಗ ಇಷ್ಟು ಒದ್ದಾಡಿ ಹಾಕಿಸಿದ್ದಾನೆ ಎಂದು ಹಟ ಮಾಡುತ್ತಿದ್ದಾರೆ ಎಂದುಕೊಂಡೆ. ಹಟದಲ್ಲಿ ಅವರನ್ನು ಮೀರಿಸುವವರಿಲ್ಲ. ನಡುಗಿಕೊಂಡು ಸಾಯಲಿ ಎಂದು ಮನಸ್ಸಿನಲ್ಲಿ ಬೈದು ಹೊರಗೆ ಬಂದು ಬಿಸಿಲಿಗೆ ಮೈಯೊಡ್ಡಿ ನಿಲ್ಲುತ್ತಿದ್ದೆ.

ದಾನದ ದಿನ ವಿಠ್ಠಲ ಪ್ಲಾಸ್ಟರಿನ ಕಾಲು ನೀಡಿಕೊಂಡು ಅಂಗಳದಲ್ಲಿ ಕುರ್ಚಿಯ ಮೇಲೆ ಕೂತ. ಅತ್ತೆಯವರು ವ್ಯಾನಿನಿಂದ ಇಳಿದು ತಟ್ಟೆ ಕೊಟ್ಟು, ಮಂತ್ರ ಮುಗಿದ ಕೂಡಲೇ ಮತ್ತೆ ಹತ್ತಿ ಬಾಗಿಲು ಹಾಕಿಕೊಂಡರು. ಮರುದಿನ ಬೆಳಿಗ್ಗೆ ಹೊರಡುವುದೆಂದಾಯಿತು. ಕಾವೇರಿ ಅನಾರಸದ ತಟ್ಟೆ ಹಿಡಿದು ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತದ್ದು ನನ್ನಿಂದ ನೋಡಲಾಗಲಿಲ್ಲ.

ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಕಾವೇರಿಯ ಅಡುಗೆಮನೆಯಲ್ಲಿ ಕಾಳು ಆರಿಸುತ್ತಿದ್ದೆ. ಹೊರಗೆ ಏಸಿ ಗಡಗಡ ಎಂದಿತು, ನನ್ನ ತಲೆಯ ಮೇಲಿನ ಬಲ್ಬು ಕೆಂಪಗಾಗಿ ಕುಗ್ಗಿತು. ಸ್ವಲ್ಪ ಹೊತ್ತಿಗೆ ಸರಿಯಾಯಿತು. ಏಸಿ ತಾನಾಗಿ ನಿಂತು ಮತ್ತೆ ಶುರುವಾದಾಗ ಬಲ್ಬು ಮತ್ತೆ ಕುಗ್ಗಿತು. ಗಿರಣಿಗೆ ಬೀಗ ಬಿದ್ದಿತ್ತು. ಮಧ್ಯಾಹ್ನದಿಂದ ಗಿರಣಿಯ ಲೈನಿನಲ್ಲಿ ಕರೆಂಟಿಲ್ಲ ಎಂದು ಉಚ್ಚಮ್ಮ ಬೈದುಕೊಂಡು ಹೋದದ್ದನ್ನು ನಾನೇ ಕೇಳಿದ್ದೆ. ಹಾಗಾದರೆ ಏಸಿ ಯಾವ ಕರೆಂಟಿನಲ್ಲಿ ಓಡುತ್ತಿದೆ? ಕಾಳಿನ ಮೊರ ಕೆಳಗಿಟ್ಟು ಹಿತ್ತಲಿಗೆ ಹೋದೆ. ಗಿರಣಿಯ ಗೋಡೆಯೂ ಕಾವೇರಿಯ ಹಿತ್ತಲ ಗೋಡೆಯೂ ಒಂದೇ. ಗಿರಣಿಯ ಆ ತೂತಿನಲ್ಲಿ ಒಳಗೆ ಹೋದ ವೈರು ಇತ್ತ ಕಡೆಯ ಗವಾಕ್ಷಿಯಿಂದ ಹೊರಗೆ ಬಂದು, ಕುಂಬಳದ ಬಳ್ಳಿಯ ಅಡಿಯಲ್ಲಿ ಹಾದು, ಬಾವಿಯ ಮೋಟರಿನ ಪ್ಲಗ್ಗಿಗೆ ಹೋಗಿ ಕೂತಿತ್ತು.

ಹಿಂದೆ ತಿರುಗಿದರೆ ಕಾವೇರಿ ನಿಂತಿದ್ದಳು. ಬೈಯಬೇಕೆಂದು ಬಾಯಿ ತೆರೆದವಳ ಕಣ್ಣು ಅವಳ ಅಂಗೈ ಮೇಲೆ ಬಿತ್ತು. ಹಗ್ಗ ಎಳೆದು ಎಳೆದು ಬೊಬ್ಬೆ ಎದ್ದು ಒಡೆದಿದ್ದವು.

"ಅಮ್ಮ ತಾನೇ ಅಂದಾಳಲ್ಲ ವೈನಿ," ಎಂದಳು. "ನನ್ನ ಮನಿ ಕರೆಂಟು ತಗೊಂಡ್ರ ನನ್ನ ಮನ್ಯಾಗ ಉಂಡಂಗ ಅಂತ. ಉಣ್ಣಲಿ. ತಿಳೀದಂಗ ಉಂಡ್ರೂ ಉಂಡಂಗೇ ಅಲ್ಲೇನು? ಹಗಲೂ ರಾತ್ರಿ ಬಡಿಸೀನಿ."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಜೊತೆಗೆ ಭಯವಾಯಿತು. ಇದು ಅತ್ತೆಯವರಿಗೆ ತಿಳಿದರೆ ಪಂಚಗವ್ಯ ಕುಡಿದು ಉಪವಾಸ ಕೂರುತ್ತಾರೆ, ಇನ್ನೆಂದೂ ಈ ಓಣಿಗೆ ಕಾಲಿಡುವುದಿಲ್ಲ. ಕಾವೇರಿಗೆ ಗಾಜಿನ ಆಚೆಯ ತಾಯಿಯೂ ಇಲ್ಲದಂತಾಗುತ್ತದೆ. ನಾನು ಸತ್ತರೂ ಬಾಯಿ ಬಿಡುವುದಿಲ್ಲ ಎಂದು ಅವಳ ತಲೆ ಮುಟ್ಟಿ ಹೇಳಿದೆ. ಯರ್ರೆಪ್ಪನಿಗೆ ಎರಡೆರಡು ಹೋಳಿಗೆ ಯಾಕೆ ಬೀಳುತ್ತಿದ್ದವು ಎಂಬುದೂ ಆಗ ತಿಳಿಯಿತು.

ಆದರೆ ನನ್ನ ಗಂಡ ಇದ್ದಾರಲ್ಲ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಮರೆತುಹೋದೀತು ಎಂದು, ಅದೇ ಹೊತ್ತಿಗೆ ಉಚ್ಚಮ್ಮನನ್ನು ಕರೆಸಿ, ಸರಿಯಾಗಿ ವ್ಯಾನಿನ ಕಿಟಕಿಯ ಕೆಳಗೆ ನಿಲ್ಲಿಸಿಕೊಂಡು ಕರೆಂಟಿನ ಬಾಡಿಗೆ ಕೊಡಲು ಹೋದರು. ಅವಳು ಬೇಡ ಅಂದಳು. ಇವರು ಬಿಡಲಿಲ್ಲ. ನೀನು ತೆಗೆದುಕೊಳ್ಳದಿದ್ದರೆ ಅದು ಬಿಟ್ಟಿಯಾಗಿ ತೆಗೆದುಕೊಂಡಂತಾಗುತ್ತದೆ, ನಮ್ಮ ಅಮ್ಮನ ನೇಮ ಕೆಡುತ್ತದೆ ಎಂದು ಅವಳ ಕೈಗೆ ತುರುಕಿದರು. ನಾನೂ ಕಾವೇರಿಯೂ ಓಡಿ ಬರುವಷ್ಟರಲ್ಲಿ ಉಚ್ಚಮ್ಮನ ಸಹನೆ ಮುಗಿದಿತ್ತು.

"ನಾ ತಕ್ಕಡಿ ಹಿಡಿಯೋಳು ಸಾಮಿ. ಕೊಡಲಾರದ ಸರಕಿಗೆ ರೊಕ್ಕ ಹ್ಯಾಂಗ ತಗೊಳ್ಳಲಿ? ಕರೆಂಟು ಕಾವೇರಮ್ಮನ ಮನೀದೈತಿ. ಆಕಿಗೆ ಕೊಡ್ರಿ."

ಇವರು ನೋಟು ಹಿಡಿದ ಕೈ ಹಾಗೇ ಚಾಚಿಕೊಂಡು ನಿಂತುಬಿಟ್ಟರು. ಯರ್ರೆಪ್ಪ ಸದ್ದಿಲ್ಲದೆ ವ್ಯಾನಿನ ಆಚೆ ಬದಿಗೆ ಹೋದ. ಕಿಟಕಿಯ ಗಾಜಿನ ಹಿಂದೆ ಅತ್ತೆಯವರ ಮುಖ ಕಾಣುತ್ತಿತ್ತು. ಕೇಳಿಸಿಲ್ಲ ಎಂದುಕೊಳ್ಳುವಂತಿರಲಿಲ್ಲ. ಕಾವೇರಿ ಹೆದರಿ ಓಡುತ್ತಾಳೆ ಎಂದುಕೊಂಡೆ. ಅವಳು ನೇರವಾಗಿ ಹೋಗಿ ಕಿಟಕಿಯ ಕೆಳಗೆ ನಿಂತು ತಲೆ ಎತ್ತಿದಳು.

"ಹೌದಮ್ಮಾ. ನಾನೇ ಹಂಗ ಮಾಡೀನಿ. ಬಂದ ದಿನದಿಂದ ನೀ ನನ್ನ ಮನೀದೇ ಉಂಡೀದಿ. ಏನು ಬೈತೀದಿ ಬೈ."

ಗಾಜು ಸರಿಯಿತು. ಅಷ್ಟು ದಿನದಲ್ಲಿ ಅದು ತೆರೆದದ್ದು ಅದೇ ಮೊದಲು. ಒಳಗಿನ ಥಂಡಿ ಗಾಳಿ ಹೊರಗೆ ಬಂದು ನಮ್ಮೆಲ್ಲರ ಮುಖಕ್ಕೆ ತಾಗಿತು. ಎರಡು ಧಾಬಳಿಗಳ ನಡುವೆ ಅತ್ತೆಯವರ ಕೆಂಪು ಮೂಗು ಮಾತ್ರ ಕಾಣುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು.

"ಬಂದ ದಿನಾನೇ ಗೊತ್ತಾತು ನನಗ," ಎಂದರು. "ಇದು ಶುರು ಆದಾಗೆಲ್ಲ ನಿನ್ನ ಅಡಿಗಿ ಮನಿ ದೀಪ ಒಂದೇ ಸಣ್ಣ ಆಗತಿತ್ತು. ಮಂದಿ ಮನಿ ದೀಪ ನೆಟ್ಟಗ ಇರ್ತಿದ್ದವು. ನಾ ಏನು ಕುರುಡಿ ಏನು?"

ಗೊತ್ತಿದ್ದೂ ಆರಿಸಲಿಲ್ಲವೇ ಎಂದು ಕೇಳಿದೆ. ಅತ್ತೆಯವರು ನನ್ನನ್ನು ನೋಡಲಿಲ್ಲ, ಮಗಳನ್ನೇ ನೋಡುತ್ತಿದ್ದರು.

"ಈ ಥಂಡಿ ನನಗ ಒಂದು ಚೂರೂ ಸೇರಂಗಿಲ್ಲ ಕಾವೇರಿ. ಆದ್ರ ಮಗಳು ಬಡಿಸಿದ್ದು ಎಲಿ ಮ್ಯಾಲ ಬಿಟ್ಟು ಹ್ಯಾಂಗ ಏಳಲಿ?"

ಕಾವೇರಿ ಬೊಬ್ಬೆ ಎದ್ದ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಮದುವೆಯಾಗಿ ಬಂದ ದಿನದಿಂದ ನಾನು ಅತ್ತೆಯ ಜೊತೆ ಒಳಗೊಳಗೇ ಜಗಳ ಮಾಡಿಕೊಂಡು ಬಂದವಳು. ಆ ಗಳಿಗೆಯಲ್ಲಿ ಆ ಮುದುಕಿಯನ್ನು ಅಪ್ಪಿಕೊಳ್ಳಬೇಕೆನಿಸುವಷ್ಟು ಪ್ರೀತಿ ಬಂತು. ಮಡಿಯಲ್ಲಿದ್ದರು, ಅಪ್ಪಿಕೊಳ್ಳುವಂತಿರಲಿಲ್ಲ. ನನ್ನ ಗಂಡ ನೋಟನ್ನು ಮಡಿಚಿ ಜೇಬಿಗೆ ಇಟ್ಟುಕೊಂಡರು, ಕಣ್ಣಿಗೆ ಧೂಳು ಬಿದ್ದಿದೆ ಎಂದು ಅತ್ತ ತಿರುಗಿದರು.

ಕಾವೇರಿ ಸೆರಗಿನಿಂದ ಮುಖ ಒರೆಸಿಕೊಂಡಳು. ತಾಯಿ ನಡುಗುವುದನ್ನು ನೋಡಲಾಗದೆ ಹಿತ್ತಲಿನ ಕಡೆ ಎರಡು ಹೆಜ್ಜೆ ಇಟ್ಟು, ಪ್ಲಗ್ಗು ತೆಗೆಯಲೇನಮ್ಮಾ ಎಂದು ಕೇಳಿದಳು. ಅತ್ತೆಯವರು ಧಾಬಳಿಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡರು.

"ಇರ್ಲಿ ಬಿಡು," ಎಂದರು. "ಇನ್ನೊಂದು ಸ್ವಲ್ಪ ಬಡಸು."